ಆಂಬೊಡೆಗೆ ಕಡಲೆಬೇಳೆ ಎಷ್ಟು ಹೊತ್ತು ನೆನೆಸುತ್ತೀರಿ? ನೀರು, ಹದ, ಎಣ್ಣೆ ಎಲ್ಲ ಇಲ್ಲೇ ಮಾತಾಡೋಣ

ಸಬ್ಬಸಿಗೆಸೊಪ್ಪು (ಮೈಸೂರು)

ಯುಗಾದಿ ಹತ್ತಿರ ಬಂತು. ಒಬ್ಬಟ್ಟಿನ ಕಣಕ ಹೇಗಿರಬೇಕು, ಹೂರಣ ಎಷ್ಟು ಗಟ್ಟಿ ಇರಬೇಕು ಅಂತ ಎಲ್ಲರೂ ಮಾತಾಡುತ್ತಾರೆ. ಅದರ ಪಕ್ಕದಲ್ಲೇ ಎಲೆಗೆ ಬೀಳುವ ಆಂಬೊಡೆಯನ್ನು ಮಾತ್ರ ‘ಬೇಳೆ ರುಬ್ಬಿ ಕರಿದರೆ ಆಯ್ತಲ್ಲ’ ಅಂತ ಬಿಟ್ಟುಬಿಡುತ್ತಾರೆ. ಅಷ್ಟು ಸುಲಭ ಆಗಿದ್ದರೆ ಒಂದು ಮನೆಯ ಆಂಬೊಡೆ ಗರಿಗರಿ, ಇನ್ನೊಂದು ಮನೆಯದು ಹಲ್ಲಿಗೆ ಕಷ್ಟ, ಮತ್ತೊಂದು ಮನೆಯದು ಎಣ್ಣೆ ಮುದ್ದೆ ಯಾಕಾಗುತ್ತದೆ?

ನಮ್ಮಮ್ಮ ಕಡಲೆಬೇಳೆಯನ್ನು ಒಂದೂವರೆ ಗಂಟೆಗಿಂತ ಜಾಸ್ತಿ ನೆನೆಸುವುದಿಲ್ಲ. ಹಾಸನದ ಅತ್ತೆ ಮನೆಯಲ್ಲಿ ಬೆಳಿಗ್ಗೆ ನೆನೆಹಾಕಿದರೆ ರುಬ್ಬುವುದು ಮಧ್ಯಾಹ್ನವೇ. ಅಮ್ಮನದು ಜಾಸ್ತಿ ಕುರುಕಲು, ಅತ್ತೆಯದು ಹೊರಗೆ ಗರಿ, ಒಳಗೆ ಮೆತ್ತಗೆ. ಎರಡೂ ಚೆನ್ನಾಗಿರುತ್ತವೆ. ಎರಡೂ ಮನೆಯಲ್ಲಿ ಒಂದು ವಿಷಯ ಮಾತ್ರ ಒಂದೇ: ರುಬ್ಬುವಾಗ ಒಂದು ಹನಿ ನೀರು ಹಾಕಲ್ಲ.

ನೀವು ಎಷ್ಟು ಹೊತ್ತು ನೆನೆಸುತ್ತೀರಿ? ಯಾಕೆ? ಸುಮ್ನೆ ಅಳತೆ ಪಟ್ಟಿ ಬೇಡ, ಕಾರಣ ಸಮೇತ ಹೇಳಿ. ನಾನು ಮಾಡುವುದು ಹಬ್ಬದ ಅಡುಗೆಗೆ, ಹಾಗಾಗಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಹಸಿಮೆಣಸಿನಕಾಯಿ, ಶುಂಠಿ, ಇಂಗು, ಕಾಯಿತುರಿ, ಕರಿಬೇವು, ಕೊತ್ತಂಬರಿ ಸೊಪ್ಪು, ಮತ್ತೆ ಕೈತುಂಬ ಸಬ್ಬಸಿಗೆ.


ಬಾಣಲೆಭಟ್ಟ (ಶಿವಮೊಗ್ಗ)

ನಮ್ಮ ಅಪ್ಪ ಮದುವೆ ಅಡುಗೆ ಮಾಡುತ್ತಿದ್ದವರು. ನಾನು ಅವರ ಜೊತೆ ಕೆಲಸ ಮಾಡಿ ಕಲಿತವನು. ಕಾರಣ ಕೇಳಿದ್ದೀರಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗಂಟೆ ಲೆಕ್ಕ ಹಿಡಿಯಬೇಡಿ ಅಕ್ಕ, ಬೇಳೆಯನ್ನು ನೋಡಿ. ಹೊಸ ಬೇಳೆ ಎರಡು ಗಂಟೆಗೆ ನೆನೆಯುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಬೇಳೆಗೆ ಮೂರು ಗಂಟೆಯೂ ಸಾಲದು. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ನಿಧಾನ. ಬೇಸಿಗೆಯಲ್ಲಿ ಬೇಗ, ಚಳಿಯಲ್ಲಿ ತಡ. ಒಂದು ಬೇಳೆ ತೆಗೆದುಕೊಂಡು ಉಗುರಿನಿಂದ ಒತ್ತಿ. ಟಕ್ ಅಂತ ಎರಡು ತುಂಡಾಗಬೇಕು. ಒಳಗೆ ಬಿಳಿ ಗಟ್ಟಿ ಚುಕ್ಕೆ ಉಳಿದಿದ್ದರೆ ಇನ್ನೂ ಬೇಕು. ಒತ್ತಿದ ಕೂಡಲೇ ಹಿಸುಕಿ ಹೋದರೆ ಜಾಸ್ತಿ ಆಯಿತು.

ಕಡಿಮೆ ನೆನೆದರೆ ಏನಾಗುತ್ತದೆ? ಮಿಕ್ಸಿಯಲ್ಲಿ ಬೇಳೆ ಚೂರಾಗುತ್ತದೆ, ಆದರೆ ಅಂಟುವುದಿಲ್ಲ. ತಟ್ಟಿದಾಗ ಅಂಚು ಬಿರಿಯುತ್ತದೆ. ಕರಿದ ಮೇಲೆ ಒಳಗಿನ ತರಿ ಬೇಯದೆ ಹಲ್ಲಿಗೆ ಸಿಕ್ಕುತ್ತದೆ. ಜಾಸ್ತಿ ನೆನೆದರೆ ಬೇಳೆಯೊಳಗೇ ನೀರು ತುಂಬಿರುತ್ತದೆ. ನೀವು ನೀರು ಹಾಕದಿದ್ದರೂ ರುಬ್ಬಿದಾಗ ಅದು ಹೊರಗೆ ಬಂದು ಹಿಟ್ಟು ಸಡಿಲವಾಗುತ್ತದೆ. ನಿಮ್ಮ ಅಮ್ಮನಿಗೂ ಅತ್ತೆಗೂ ಇರುವ ವ್ಯತ್ಯಾಸ ಇಲ್ಲೇ.

ಮನೆಯಲ್ಲಿ ಮಾಡುವವರು ಬಿಟ್ಟುಬಿಡುವ ಹಂತ ಒಂದಿದೆ: ಬಸಿಯುವುದು. ನೆನೆದ ಬೇಳೆಯನ್ನು ತೂತಿನ ಪಾತ್ರೆಗೆ ಹಾಕಿ ಎರಡು ಸಲ ಕೊಡವಿ ತಕ್ಷಣ ಮಿಕ್ಸಿಗೆ ಹಾಕುತ್ತಾರೆ. ಹಾಗೆ ಮಾಡಬೇಡಿ. 20 ನಿಮಿಷ ಹಾಗೇ ಬಿಡಿ. ನಡುವೆ ಒಂದೆರಡು ಸಲ ಕೈಯಾಡಿಸಿ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿದರೆ ಇನ್ನೂ ಒಳ್ಳೆಯದು. ಬೇಳೆ ಮುಟ್ಟಿದರೆ ಕೈ ಒದ್ದೆಯಾಗಬಾರದು. ನನ್ನ ಪ್ರಕಾರ ಆಂಬೊಡೆ ಚೆನ್ನಾಗಿ ಬರುವುದೋ ಕೆಡುವುದೋ ಈ 20 ನಿಮಿಷದಲ್ಲೇ ತೀರ್ಮಾನ ಆಗುತ್ತದೆ.

ರುಬ್ಬುವ ಮುಂಚೆ ಒಂದು ಹಿಡಿ ಬೇಳೆ ಎತ್ತಿಡಿ. ಉಳಿದದ್ದನ್ನು ಒಂದೇ ಸಲ ಜಾರಿಗೆ ತುರುಕಬೇಡಿ. ಸ್ವಲ್ಪ ಸ್ವಲ್ಪ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಕೆಳಗೆ ನುಣ್ಣಗಾಗಿ ಮೇಲೆ ಇಡಿಯಾಗಿ ಉಳಿದರೆ ಚಮಚದಿಂದ ಮಗುಚಿ, ನೀರು ಸುರಿಯಬೇಡಿ. ಅರ್ಧ ಭಾಗ ತರಿತರಿ, ಕಾಲು ಭಾಗ ನುಣ್ಣಗೆ, ಇನ್ನು ಕಾಲು ಭಾಗ ಬರೀ ಒಡೆದ ಬೇಳೆ. ಎತ್ತಿಟ್ಟ ಹಿಡಿಯನ್ನು ಕೊನೆಗೆ ಇಡಿಯಾಗಿ ಸೇರಿಸಿ. ನುಣ್ಣಗಿನ ಭಾಗ ಹಿಡಿದಿಡುತ್ತದೆ, ತರಿ ಕುರುಕಲು ಕೊಡುತ್ತದೆ. ಪೂರ್ತಿ ನುಣ್ಣಗೆ ರುಬ್ಬಿದರೆ ಆವಿ ಹೊರಗೆ ಹೋಗಲು ದಾರಿ ಇರಲ್ಲ, ಒಳಗೆ ಮುದ್ದೆಯಾಗಿ ಉಳಿಯುತ್ತದೆ.

ಉಪ್ಪು ಕೊನೆಗೆ. ಎಣ್ಣೆ ಕಾದ ಮೇಲೆ ಉಪ್ಪು ಹಾಕಿ ಕಲಸಿ. ಮುಂಚೆಯೇ ಹಾಕಿದರೆ ಸೊಪ್ಪು ನೀರು ಬಿಡುತ್ತದೆ. ಸೊಪ್ಪನ್ನೂ ತೊಳೆದು ಒಣಗಿಸಿಯೇ ಹೆಚ್ಚಬೇಕು. ಎಷ್ಟೋ ಮನೆಗಳಲ್ಲಿ ಬೇಳೆಯ ನೀರನ್ನು ಜೋಪಾನವಾಗಿ ಬಸಿದು, ಆಮೇಲೆ ಒದ್ದೆ ಸಬ್ಬಸಿಗೆ ಹಾಕಿ ಎಲ್ಲ ಕೆಡಿಸುತ್ತಾರೆ.


ನಂಜನಗೂಡಿನವಳು

ಭಟ್ಟರೇ, ತುಂಬಾ ಚೆನ್ನಾಗಿ ಹೇಳಿದಿರಿ. ನಮ್ಮಲ್ಲಿ ಮುಕ್ಕಾಲು ಕಡಲೆಬೇಳೆ, ಕಾಲು ತೊಗರಿಬೇಳೆ. ತೊಗರಿ ಸೇರಿದರೆ ಸ್ವಲ್ಪ ಹಗುರ ಆಗುತ್ತದೆ, ಪರಿಮಳವೂ ಬೇರೆ. ಕೆಲವರು ಒಂದು ಹಿಡಿ ಹೆಸರುಬೇಳೆಯನ್ನೂ ಹಾಕುತ್ತಾರೆ.

ಒಂದು ಮಾತು ಎಲ್ಲರಿಗೂ: ಬೇಳೆ ಕೊಳ್ಳುವಾಗ ನೋಡಿ ತೆಗೆದುಕೊಳ್ಳಿ. ಒಡೆದ ಹಳದಿ ಬಟಾಣಿ ಬೇಳೆ ನೋಡುವುದಕ್ಕೆ ಕಡಲೆಬೇಳೆಯ ಹತ್ತಿರ ಇರುತ್ತದೆ. ಬಟಾಣಿ ಬೇಳೆ ಗುಂಡಗೆ, ನಯವಾಗಿ, ಒಂದೇ ಸಮ ಇರುತ್ತದೆ. ಕಡಲೆಬೇಳೆಗೆ ಒಂದು ಕಡೆ ಸಣ್ಣ ಮೂತಿ, ಮೈ ಸ್ವಲ್ಪ ಒರಟು. ಬಟಾಣಿ ಬೇಳೆಯಲ್ಲೂ ವಡೆ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಹಬ್ಬದ ಆಂಬೊಡೆಯ ರುಚಿ ಅದರಲ್ಲಿ ಬರಲ್ಲ.


ಹೊಸಒಲೆ (ಬೆಂಗಳೂರು)

ನನ್ನದು ಎಣ್ಣೆಯ ಪ್ರಶ್ನೆ. ಬಾಣಲೆಗೆ ಬಿಟ್ಟ ತಕ್ಷಣ ಪುಡಿಪುಡಿಯಾಗಿ ಬಿಡುತ್ತಿದೆ. ಅಕ್ಕಿಹಿಟ್ಟು ಹಾಕಿದರೆ ನಿಲ್ಲುತ್ತದೆ, ಆದರೆ ರುಚಿ ಬದಲಾಗುತ್ತದೆ. ಉರಿ ಕಡಿಮೆ ಮಾಡಿದರೆ ಎಣ್ಣೆ ಕುಡಿಯುತ್ತದೆ. ಏನು ಮಾಡಲಿ? ನಾನು ಮಧ್ಯಾಹ್ನ ರುಬ್ಬಿ ಫ್ರಿಜ್ಜಲ್ಲಿಟ್ಟು ಸಂಜೆ ಕರಿಯುವುದು.


ಬಾಣಲೆಭಟ್ಟ (ಶಿವಮೊಗ್ಗ)

ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಬಿಡಬೇಡಿ ತಮ್ಮ. ತಣ್ಣಗಿನ ಹಿಟ್ಟು ಬಿದ್ದ ಕೂಡಲೇ ಎಣ್ಣೆಯ ಕಾವು ಇಳಿಯುತ್ತದೆ. ಅರ್ಧ ಗಂಟೆ ಮುಂಚೆ ಹೊರಗಿಡಿ. ಉಪ್ಪು, ಸೊಪ್ಪು ಹಾಕಿಯೇ ಇಟ್ಟಿದ್ದರೆ ಸಂಜೆ ಹೊತ್ತಿಗೆ ನೀರು ಬಿಟ್ಟಿರುತ್ತದೆ. ಬರೀ ರುಬ್ಬಿದ ಬೇಳೆ ಇಟ್ಟುಕೊಂಡು, ಉಳಿದದ್ದು ಕರಿಯುವ ಮುಂಚೆ ಸೇರಿಸಿ.

ಉಂಡೆ ಕಟ್ಟುವಾಗ ಅಂಗೈಯಲ್ಲಿ ಚೆನ್ನಾಗಿ ಒತ್ತಿ. ನಿಲ್ಲಲಿಲ್ಲ ಅಂದರೆ ಒಂದು ಸೌಟು ಹಿಟ್ಟನ್ನು ಮತ್ತೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಬೆರೆಸಿ. ಹೆಚ್ಚಿನ ಸಲ ಅಷ್ಟೇ ಸಾಕು. ಹಿಟ್ಟು ತೀರಾ ಕೈಮೀರಿದಾಗ ಅಕ್ಕಿಹಿಟ್ಟು ಒಂದು ಚಮಚ ಸರಿ, ಅಭ್ಯಾಸ ಮಾಡಿಕೊಳ್ಳಬೇಡಿ. ಕಡಲೆಹಿಟ್ಟಂತೂ ಬೇಡವೇ ಬೇಡ, ಬೋಂಡದ ರುಚಿ ಬರುತ್ತದೆ. ಸೋಡಾ ಹಾಕಿದರೆ ಇನ್ನೂ ಜಾಸ್ತಿ ಎಣ್ಣೆ ಎಳೆಯುತ್ತದೆ.


ಕಾವಲಿ_ಕಾವು (ಧಾರವಾಡ)

ಎಣ್ಣೆ ಕುಡಿಯುವುದರ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ನಾನು ಓದಿದ್ದು ಆಹಾರ ವಿಜ್ಞಾನ, ಹಾಗಾಗಿ ಈ ವಿಷಯ ನನಗೆ ತುಂಬಾ ಇಷ್ಟ.

ವಡೆ ಎಣ್ಣೆಗೆ ಬಿದ್ದಾಗ ಅದರೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ನೀವು ನೋಡುವ ಗುಳ್ಳೆಗಳು ಅವೇ. ಆವಿ ಹೊರಗೆ ಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಜಾಗ ಸಿಗುವುದಿಲ್ಲ. ಎಣ್ಣೆ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೊರಮೈ ಬೇಗ ಗಟ್ಟಿಯಾಗುತ್ತದೆ. ಕಾವು ಕಡಿಮೆ ಇದ್ದರೆ ಹೊರಮೈ ಕಟ್ಟುವುದು ತಡ, ಹಿಟ್ಟು ಸಡಿಲವಾಗಿ ಉದುರುತ್ತದೆ, ಎಣ್ಣೆಯಲ್ಲಿ ಇರುವ ಹೊತ್ತೂ ಹೆಚ್ಚು. ಹಿಟ್ಟಲ್ಲಿ ನೀರು ಜಾಸ್ತಿ ಇದ್ದರೆ ಆ ನೀರು ಹೋದ ಜಾಗವೆಲ್ಲ ತೂತು. ಆ ತೂತಿಗೆ ಎಣ್ಣೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ವಡೆಯೊಳಗೆ ಎಣ್ಣೆ ಸೇರುವುದು ಬಹುಪಾಲು ಅದನ್ನು ಹೊರತೆಗೆದ ಮೇಲೆ. ಹೊರಗೆ ಬಂದ ವಡೆ ತಣ್ಣಗಾಗತೊಡಗಿದ ಕೂಡಲೇ ಒಳಗಿನ ಆವಿ ಮತ್ತೆ ನೀರಾಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಮೈಮೇಲೆ ಅಂಟಿಕೊಂಡಿರುವ ಎಣ್ಣೆಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಹಾಗಾಗಿ ಜಾಲರಿಯಲ್ಲಿ ಎತ್ತಿದ ತಕ್ಷಣ, ಇನ್ನೂ ಬಾಣಲೆಯ ಮೇಲೆಯೇ ಇರುವಾಗ, ಎರಡು ಸಲ ಜೋರಾಗಿ ಕೊಡವಿ. ಆಮೇಲೆ ತೂತಿನ ಪಾತ್ರೆಯಲ್ಲಿ ನಿಲ್ಲಿಸಿದ ಹಾಗೆ ಇಡಿ. ಒಂದರ ಮೇಲೊಂದು ರಾಶಿ ಹಾಕಿದರೆ ಆವಿ ಸಿಕ್ಕಿಕೊಂಡು ಮೆತ್ತಗಾಗುತ್ತದೆ. ಮುಚ್ಚಳ ಮುಚ್ಚಲೇಬಾರದು.

ಥರ್ಮಾಮೀಟರ್ ಬೇಕಿಲ್ಲ. ಚಿಟಿಕೆ ಹಿಟ್ಟು ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಕಾವು ಸಾಲದು. ಬಿದ್ದ ಕ್ಷಣವೇ ಮೇಲೆ ಬಂದು ಕಂದಾದರೆ ಜಾಸ್ತಿ. ತಳ ಮುಟ್ಟಿ ನಿಧಾನವಾಗಿ ಗುಳ್ಳೆ ಸಮೇತ ಎದ್ದು ಬಂದರೆ ಸರಿ. ವಡೆ ಬಿಟ್ಟ ಮೇಲೆ ಒಂದು ನಿಮಿಷ ಸೌಟು ಹಾಕಬೇಡಿ. ಹೊರಮೈ ಕಟ್ಟುವ ಮುಂಚೆ ಕೆದಕಿದರೆ ಯಾವ ಹಿಟ್ಟಾದರೂ ಒಡೆಯುತ್ತದೆ. ಒಂದು ಬಾಣಲೆಗೆ ನಾಲ್ಕೈದು ಸಾಕು. ಗುಳ್ಳೆ ಸದ್ದು ಇಳಿದು ಎಣ್ಣೆ ಶಾಂತವಾದರೆ ಒಳಗಿನ ನೀರು ಹೋಗಿದೆ ಅಂತ ಲೆಕ್ಕ. ಬಣ್ಣಕ್ಕಿಂತ ಆ ಸದ್ದನ್ನೇ ನಾನು ನಂಬುತ್ತೇನೆ.


ಹೊಸಒಲೆ (ಬೆಂಗಳೂರು)

ಸದ್ದು ಕೇಳಿ ಕರಿಯುವುದು ನನಗೆ ಹೊಸದು. ಹೊರಗೆ ಬೇಗ ಕಂದಾಗಿ ಒಳಗೆ ಹಸಿ ಉಳಿದರೆ?


ಕಾವಲಿ_ಕಾವು (ಧಾರವಾಡ)

ದಪ್ಪ ತಟ್ಟಿದ್ದೀರಿ ಅಂತ ಅರ್ಥ. ಆಂಬೊಡೆಗೆ ನಡು ಸ್ವಲ್ಪ ದಪ್ಪ, ಅಂಚು ತೆಳ್ಳಗೆ ಇರಬೇಕು. ಬಾಳೆ ಎಲೆ ಅಥವಾ ಹಾಲಿನ ಪ್ಯಾಕೆಟ್ ಕತ್ತರಿಸಿ ಅದರ ಮೇಲೆ ತಟ್ಟಿ. ಅಂಚು ಬಿರಿದು ಒರಟಾಗಿದ್ದರೆ ಇರಲಿ ಬಿಡಿ, ಆ ಒರಟು ಅಂಚೇ ಜಾಸ್ತಿ ಗರಿಯಾಗುವುದು. ಒಳಗೆ ಹಾಕುವ ಮುಂಚೆ ಕಾವು ಬೇಕು, ಹಾಕಿದ ಮೇಲೆ ಮಧ್ಯಮ ಉರಿ, ತೆಗೆಯುವ ಹೊತ್ತಿಗೆ ಮತ್ತೆ ಸ್ವಲ್ಪ ಏರಿಸಿ.


ಚಟ್ಟಂಬಡೆ_ಪ್ರೇಮಿ (ಪುತ್ತೂರು)

ನಮ್ಮ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಚಟ್ಟಂಬಡೆಯನ್ನು ಯಾರೂ ಹೇಳಲಿಲ್ಲವಲ್ಲ. ಬೇಳೆ ಅದೇ ಕಡಲೆಬೇಳೆ. ಆದರೆ ಖಾರಕ್ಕೆ ಒಣಮೆಣಸು, ಜೊತೆಗೆ ಇಂಗು, ಧಾರಾಳ ಕರಿಬೇವು. ತಟ್ಟುವುದು ಚಪ್ಪಟೆಯಾಗಿ. ಕರಿಯುವುದು ತೆಂಗಿನೆಣ್ಣೆಯಲ್ಲಿ. ಸಂಜೆ ಹೋಟೆಲ್ಲಿನ ಮುಂದೆ ನಡೆದರೆ ಆ ಪರಿಮಳ ರಸ್ತೆಗೆ ಬರುತ್ತದೆ. ಸಬ್ಬಸಿಗೆ ನಮ್ಮಲ್ಲಿ ಹಾಕುವುದಿಲ್ಲ. ಸಬ್ಬಸಿಗೆ ಹಾಕಿದರೆ ಬೇಳೆಯ ರುಚಿಯೇ ಮುಚ್ಚಿ ಹೋಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.


ಸಬ್ಬಸಿಗೆಸೊಪ್ಪು (ಮೈಸೂರು)

ನನ್ನ ಹೆಸರು ನೋಡಿಯೂ ಹೀಗೆ ಹೇಳುತ್ತೀರಲ್ಲ ಅಣ್ಣ! ಸಬ್ಬಸಿಗೆ ಇಲ್ಲದ ಆಂಬೊಡೆ ನನಗೆ ಅರ್ಧ ಆಂಬೊಡೆ. ಆದರೆ ತೆಂಗಿನೆಣ್ಣೆ, ಒಣಮೆಣಸು ಅಂದಿದ್ದು ಮನಸ್ಸಿಗೆ ನಾಟಿತು. ಒಣಮೆಣಸನ್ನು ಬೇಳೆ ಜೊತೆಯೇ ನೆನೆಸುತ್ತೀರಾ?


ಚಟ್ಟಂಬಡೆ_ಪ್ರೇಮಿ (ಪುತ್ತೂರು)

ಹೌದು ಅಕ್ಕ, ನೆನೆಸಿದರೆ ನೀರಿಲ್ಲದೆ ರುಬ್ಬಿದರೂ ನುಣ್ಣಗಾಗುತ್ತದೆ. ಮೊದಲು ಮೆಣಸು, ಇಂಗು, ಒಂದು ಹಿಡಿ ಬೇಳೆ ಹಾಕಿ ರುಬ್ಬಿ. ಆಮೇಲೆ ಉಳಿದ ಬೇಳೆ. ಮನೆಯಲ್ಲಿ ಈರುಳ್ಳಿ ಹಾಕುವುದಾದರೆ ಸಣ್ಣಗೆ ಹೆಚ್ಚಿ, ಕರಿಯುವ ಮುಂಚೆ ಮಾತ್ರ ಸೇರಿಸಿ.


ಬಿಸಿಲೂರು (ಬಳ್ಳಾರಿ)

ನಮ್ಮ ಕಡೆ ಬನ್ನಿ ರೀ, ಅಲಸಂದಿ ವಡೆ ತಿನ್ನಿಸುತ್ತೇವೆ. ಬಳ್ಳಾರಿಗೂ ಪಕ್ಕದ ರಾಯಲಸೀಮೆಗೂ ಇದು ಒಂದೇ ರುಚಿ. ಹಬ್ಬಕ್ಕೂ ಮಾಡುತ್ತಾರೆ, ಮಳೆ ಬಂದರೂ ಮಾಡುತ್ತಾರೆ.

ಅಲಸಂದಿ ಬೇಳೆಯಲ್ಲ, ಇಡೀ ಕಾಳು. ಅದಕ್ಕೆ ಎರಡು ಗಂಟೆ ಸಾಲದು, ರಾತ್ರಿ ನೆನೆಸಿಡಬೇಕು. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ, ನೀರಲ್ಲಿ ತೇಲುತ್ತದೆ, ಅಷ್ಟನ್ನು ಬಗ್ಗಿಸಿ ಚೆಲ್ಲಿ. ಪೂರ್ತಿ ಹೋಗಬೇಕು ಅಂತ ಇಲ್ಲ. ಆಮೇಲೆ ಭಟ್ಟರು ಹೇಳಿದ ಹಾಗೆ ಚೆನ್ನಾಗಿ ಬಸಿಯಬೇಕು. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಜೀರಿಗೆ ಹಾಕಿ ತರಿತರಿ ರುಬ್ಬಿ. ಈರುಳ್ಳಿ, ಕೊತ್ತಂಬರಿ ಸೇರಿಸಿ ತಟ್ಟಿ ಕರಿಯಿರಿ. ಕಡಲೆಬೇಳೆಯಷ್ಟು ಕುರುಕಲು ಇರಲ್ಲ, ಒಳಗೆ ಮೆತ್ತಗೆ ಬರುತ್ತದೆ. ಹಲ್ಲಿಲ್ಲದ ಅಜ್ಜಿಯಂದಿರಿಗೂ ತಿನ್ನಲು ಸಲೀಸು.

ಇದೇ ಅಲಸಂದಿ ಕಾಳಿಂದ ನೈಜೀರಿಯಾದಲ್ಲಿ ಅಕರಾ ಅಂತ ಮಾಡುತ್ತಾರೆ. ಗುಲಾಮರಾಗಿ ಅಟ್ಲಾಂಟಿಕ್ ದಾಟಿಸಲ್ಪಟ್ಟ ಆಫ್ರಿಕಾದ ಜನರ ಜೊತೆ ಅದು ಬ್ರೆಜಿಲ್ಲಿನ ಬಾಹಿಯಾಕ್ಕೆ ಹೋಯಿತು. ಅಲ್ಲಿ ಅದು ಅಕರಾಜೆ. ಬಿಳಿ ಬಟ್ಟೆ ಉಟ್ಟ ಹೆಂಗಸರು ಬೀದಿಯಲ್ಲಿ ತಾಳೆ ಎಣ್ಣೆಯಲ್ಲಿ ಕರಿದು ಮಾರುತ್ತಾರೆ. ಅವರು ಸಿಪ್ಪೆ ಪೂರ್ತಿ ತೆಗೆದು ಹಿಟ್ಟನ್ನು ಚೆನ್ನಾಗಿ ಕಡೆದು ಗಾಳಿ ತುಂಬಿಸುತ್ತಾರೆ, ನಾವು ಉದ್ದಿನ ವಡೆಗೆ ಮಾಡುತ್ತೇವಲ್ಲ, ಹಾಗೆ. ಸಮುದ್ರದಾಚೆಗೂ ನೆನೆಸುವುದು, ರುಬ್ಬುವುದು, ಕರಿಯುವುದು ಅಷ್ಟೇ. ನನಗೆ ಈ ವಿಷಯ ಗೊತ್ತಾದಾಗ ತುಂಬಾ ಖುಷಿಯಾಯಿತು, ಅದಕ್ಕೇ ಬರೆದೆ.


ಮರಳೂರಿನಿಂದ (ದೋಹಾ)

ನಾನು ಇರುವುದು ಕತಾರಿನಲ್ಲಿ. ಇಲ್ಲಿ ಬೀದಿಬೀದಿಗೆ ಫಲಾಫೆಲ್, ಅಂದರೆ ಕಡಲೆ ರುಬ್ಬಿ ಕರಿದ ವಡೆ. ಕೆಲಸದ ಜಾಗದಲ್ಲಿ ಈಜಿಪ್ಟಿನ ಸ್ನೇಹಿತರೊಬ್ಬರಿದ್ದಾರೆ. ಅವರ ಮನೆಯಲ್ಲಿ ಅದನ್ನು ತಾಮಿಯಾ ಅನ್ನುತ್ತಾರೆ. ಕಡಲೆ ಅಲ್ಲ, ಸಿಪ್ಪೆ ತೆಗೆದ ಫಾವಾ ಅನ್ನುವ ದಪ್ಪ ಅವರೆಯಂಥ ಕಾಳು. ಅದನ್ನು ರಾತ್ರಿ ನೆನೆಸಿ, ಹಸಿಯಾಗಿಯೇ ರುಬ್ಬಿ, ಕೊತ್ತಂಬರಿ ಸೊಪ್ಪು ಜೊತೆಗೆ ಸಬ್ಬಸಿಗೆ ಹಾಕುತ್ತಾರೆ! ಒಡೆದರೆ ಒಳಗೆ ಹಸಿರೋ ಹಸಿರು. ಸಬ್ಬಸಿಗೆ ಅಕ್ಕನಿಗೆ ಇದು ಇಷ್ಟವಾಗಬಹುದು ಅಂತ ಹೇಳಿದೆ.

ಪ್ರಶ್ನೆ ಏನೆಂದರೆ, ಇಲ್ಲಿ ಡಬ್ಬಿಯಲ್ಲಿ ಬೇಯಿಸಿದ ಕಾಬೂಲಿ ಕಡಲೆ ಸಿಗುತ್ತದೆ. ನೆನೆಸುವ ಕೆಲಸ ಉಳಿಯುತ್ತದೆ. ಅದರಿಂದ ಆಂಬೊಡೆ ಮಾಡಬಹುದಾ?


ಕಾವಲಿ_ಕಾವು (ಧಾರವಾಡ)

ಬೇಡ ಸರ್. ಬೇಯಿಸಿದ ಕಡಲೆ ಎಣ್ಣೆಯಲ್ಲಿ ನಿಲ್ಲುವುದಿಲ್ಲ. ಹಸಿ ಬೇಳೆಯೊಳಗೆ ಪಿಷ್ಟ ಇನ್ನೂ ಗಟ್ಟಿ ಕಣಗಳಾಗಿ ಇರುತ್ತದೆ. ಎಣ್ಣೆಯ ಕಾವಿಗೆ, ಬೇಳೆ ನೆನೆದಾಗ ಹೀರಿಕೊಂಡ ನೀರಲ್ಲೇ, ಆ ಕಣ ಉಬ್ಬಿ ಅಂಟಾಗುತ್ತದೆ. ಪ್ರೋಟೀನ್ ಕೂಡ ಆಗಲೇ ಗಟ್ಟಿಯಾಗುತ್ತದೆ. ವಡೆ ತಾನೇ ತಾನಾಗಿ ಹಿಡಿದುಕೊಳ್ಳುವುದು ಹೀಗೆ. ಡಬ್ಬಿಯ ಕಡಲೆಯಲ್ಲಿ ಈ ಕೆಲಸ ಆಗಲೇ ಮುಗಿದಿದೆ, ಮತ್ತೆ ಆಗಲ್ಲ. ಅದಕ್ಕೆ ಮೈದಾ ಹಾಕಿ ಕಟ್ಟಬೇಕಾಗುತ್ತದೆ. ಆಗ ಅದು ಬೇರೆಯದೇ ತಿಂಡಿ.

ಒಣ ಕಾಬೂಲಿ ಕಡಲೆಯನ್ನು 12 ಗಂಟೆ ನೆನೆಸಿ ಹಸಿಯಾಗಿ ರುಬ್ಬಿದರೆ ಖಂಡಿತ ಬರುತ್ತದೆ. ನಮ್ಮ ಕಡಲೆಯೂ ಅದೂ ಒಂದೇ ಜಾತಿಯ ಬೆಳೆ. ನಮ್ಮದು ಸಣ್ಣ ಕಾಳು, ಸಿಪ್ಪೆ ತೆಗೆದು ಒಡೆದದ್ದು. ಸಿಪ್ಪೆ ಇಲ್ಲದ್ದರಿಂದ ಬೇಗ ನೆನೆಯುತ್ತದೆ, ಅಷ್ಟೇ. ಆದರೆ ದೋಹಾದಲ್ಲಿ ಇಂಡಿಯಾ ಅಂಗಡಿಗಳಿಗೆ ಬರವೇ? ಕಡಲೆಬೇಳೆಯನ್ನೇ ತನ್ನಿ.


ಡಯಟ್‌ಡೈರಿ (ತುಮಕೂರು)

ಏರ್ ಫ್ರೈಯರಲ್ಲಿ ಯಾರಾದರೂ ಮಾಡಿದ್ದೀರಾ? ಮನೆಯಲ್ಲಿ ಅಪ್ಪನಿಗೆ ಎಣ್ಣೆ ಕಡಿಮೆ ಮಾಡಲು ಡಾಕ್ಟರು ಹೇಳಿದ್ದಾರೆ. ಹಬ್ಬದ ದಿನ ಎಲ್ಲರೂ ತಿನ್ನುವಾಗ ಅವರು ಸುಮ್ಮನೆ ನೋಡುತ್ತಾ ಕೂರುವುದು ನನಗೆ ಆಗುವುದಿಲ್ಲ.


ನಂಜನಗೂಡಿನವಳು

ಏರ್ ಫ್ರೈಯರಿನಲ್ಲಿ ಆಂಬೊಡೆ ಒಣಗುತ್ತದೆ ಕಂದಾ, ನಡುವೆ ಹಿಟ್ಟುಹಿಟ್ಟು. ಅದಕ್ಕಿಂತ ಪಡ್ಡಿನ ಕಾವಲಿ ಒಳ್ಳೆಯದು. ಗುಳಿಗೆ ಅರ್ಧ ಚಮಚ ಎಣ್ಣೆ, ಸಣ್ಣ ಉಂಡೆ ಒತ್ತಿ ಇಟ್ಟು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ತಿರುವಿದ ಮೇಲೆ ಮುಚ್ಚಳ ಬೇಡ.

ಇನ್ನೂ ಒಳ್ಳೆಯದು ಬೇಕಾದರೆ ಅಪ್ಪನಿಗೆ ನುಚ್ಚಿನುಂಡೆ ಮಾಡಿ. ಅದೇ ರುಬ್ಬಿದ ಬೇಳೆ, ಅದೇ ಸಬ್ಬಸಿಗೆ, ಅದೇ ಕಾಯಿತುರಿ. ತೊಗರಿಬೇಳೆ ಸ್ವಲ್ಪ ಜಾಸ್ತಿ ಇರಲಿ. ಉದ್ದುದ್ದ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಿ. ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಮಜ್ಜಿಗೆ ಹುಳಿ. ಅವರಿಗೆ ಬೇರೆ ಅಡುಗೆ ಮಾಡಿದ ಹಾಗೂ ಆಗಲ್ಲ, ಒಂದೇ ಪಾತ್ರೆಯ ಬೇಳೆ ಎಲ್ಲರ ಎಲೆಗೂ ಬಂದ ಹಾಗೆ ಆಗುತ್ತದೆ.


ಡಯಟ್‌ಡೈರಿ (ತುಮಕೂರು)

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಅಪ್ಪನಿಗೆ ನುಚ್ಚಿನುಂಡೆ ಪ್ರಾಣ. ತುಂಬಾ ಧನ್ಯವಾದ.


ಹೊಸಒಲೆ (ಬೆಂಗಳೂರು)

ಉದ್ದಿನ ವಡೆಗೂ ಇದೇ ನಿಯಮವಾ? ನಮ್ಮ ಪಕ್ಕದ ಮನೆಯಲ್ಲಿ ಉದ್ದಿನ ವಡೆ ಎಣ್ಣೆಯಲ್ಲೇ ಸಿಡಿಯಿತಂತೆ. ಕೇಳಿ ಭಯವಾಯಿತು.


ಬಾಣಲೆಭಟ್ಟ (ಶಿವಮೊಗ್ಗ)

ಉದ್ದಿನದು ಪೂರ್ತಿ ಬೇರೆ. ಅದನ್ನು ನುಣ್ಣಗೆ, ಗಾಳಿ ತುಂಬುವಂತೆ ರುಬ್ಬಬೇಕು. ನೀರು ಚಿಮುಕಿಸಿಯೇ ರುಬ್ಬುವುದು, ಆದರೆ ತಣ್ಣೀರು, ಚಮಚದ ಲೆಕ್ಕದಲ್ಲಿ. ನೀರಿನ ಬಟ್ಟಲಿಗೆ ಚಿಟಿಕೆ ಹಿಟ್ಟು ಬಿಟ್ಟರೆ ತೇಲಬೇಕು. ಒಂದೂವರೆಯಿಂದ ಎರಡು ಗಂಟೆ ನೆನೆಸಿದರೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಎಣ್ಣೆ ಎಳೆಯುತ್ತದೆ.

ಸಿಡಿಯುವುದು ಆವಿ ಒಳಗೆ ಸಿಕ್ಕಿಕೊಂಡಾಗ. ನುಣ್ಣಗಿನ ಹಿಟ್ಟಿನ ಹೊರಮೈ ಗಟ್ಟಿಯಾಗಿ ಮುಚ್ಚಿಕೊಂಡರೆ ಒಳಗಿನ ಆವಿ ಅದನ್ನು ಒಡೆದು ಹೊರಬರುತ್ತದೆ. ನಡುವಿನ ತೂತು ಚೆಂದಕ್ಕೆ ಅಲ್ಲ ತಮ್ಮ, ನಡು ಬೇಯಲು, ಆವಿಗೆ ದಾರಿಯಾಗಲು. ಆಂಬೊಡೆ ತರಿತರಿ ಇರುವುದರಿಂದ ಆವಿಗೆ ನೂರು ದಾರಿ, ಸಿಡಿಯುವ ಭಯ ಕಡಿಮೆ. ಆದರೂ ಒದ್ದೆ ಸೌಟು, ಒದ್ದೆ ಕೈ ಎಣ್ಣೆಯ ಹತ್ತಿರ ಬೇಡ. ಬಾಣಲೆಯ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ, ನೀರು ಮಾತ್ರ ಎರಚಬೇಡಿ. ಮಕ್ಕಳು ಓಡಾಡುವ ಮನೆಯಾದರೆ ಬಾಣಲೆಯನ್ನು ಹಿಂದಿನ ಒಲೆಯ ಮೇಲೆ ಇಡಿ.


ಗಾಣದೆಣ್ಣೆ (ಚಿತ್ರದುರ್ಗ)

ಎಣ್ಣೆ ವಿಷಯ ಬಂತು ಅಂತ ಹೇಳುತ್ತೇನೆ. ನಮ್ಮದು ಕಡಲೆಕಾಯಿ ನಾಡು. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಕರಿದ ಆಂಬೊಡೆಯ ಪರಿಮಳಕ್ಕೆ ಸಾಟಿ ಇಲ್ಲ. ಆದರೆ ಅದು ರಿಫೈನ್ಡ್ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ, ನೊರೆಯೂ ಬರುತ್ತದೆ. ಉರಿ ಮೇಲೆ ಕಣ್ಣಿರಲಿ.

ಒಮ್ಮೆ ಕರಿದ ಎಣ್ಣೆ ಆರಿದ ಮೇಲೆ ಸೋಸಿ ಇಡಿ. ತಳದಲ್ಲಿ ಉಳಿದ ಬೇಳೆ ಚೂರು ಮತ್ತೆ ಕಾದಾಗ ಸೀಯುತ್ತದೆ, ಎಣ್ಣೆ ಕಹಿಯಾಗುತ್ತದೆ. ಸೋಸಿದ್ದನ್ನು ಒಗ್ಗರಣೆಗೆ ಬೇಗ ಖರ್ಚು ಮಾಡಿ, ಮತ್ತೆ ಮತ್ತೆ ಕರಿಯಬೇಡಿ. ಹೋಟೆಲ್ಲುಗಳಿಗೂ ಇದಕ್ಕೆ ನಿಯಮ ಇದೆ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಕಾದು ಕಾದು ಕೆಟ್ಟಾಗ ಅದರಲ್ಲಿ ಹುಟ್ಟುವ ವಸ್ತುಗಳು) ಶೇಕಡಾ 25 ದಾಟಿದರೆ ಬಳಸುವಂತಿಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈ 1ರಿಂದ ಜಾರಿಗೆ ತಂದಿದೆ. ಮನೆಯಲ್ಲಿ ಅಳೆಯುವ ಯಂತ್ರ ಇರಲ್ಲ. ಬಣ್ಣ ಕಪ್ಪಾಗಿ, ಅಂಟಂಟಾಗಿ, ಕಾಯಿಸುವಾಗಲೇ ಹೊಗೆ ಬಂದರೆ ಚೆಲ್ಲಿ. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.


ಮಾಗಡಿರೋಡ್

ಬೆಂಗಳೂರಿನವರು ಇಷ್ಟು ಹೊತ್ತಾದರೂ ಅವರೆ ಹೆಸರು ಎತ್ತಲಿಲ್ಲ! ಈಗ ಕಾಲ ಮುಗಿಯಿತು, ಆದರೂ ಮುಂದಿನ ಡಿಸೆಂಬರ್, ಜನವರಿಗೆ ನೆನಪಿಟ್ಟುಕೊಳ್ಳಿ. ಮಾಗಡಿ ಕಡೆಯ ಸೊಗಡಿನ ಅವರೆ ಬಂದಾಗ ಹಿತಕಿದ ಬೇಳೆಯಿಂದ ವಡೆ ಮಾಡಿ. ಸಜ್ಜನ್ ರಾವ್ ವೃತ್ತದ ಬಳಿ ಶುರುವಾದ ಅವರೆಬೇಳೆ ಮೇಳದಲ್ಲಿ ತಿಂದವರಿಗೆ ಗೊತ್ತು ಅದರ ರುಚಿ.

ಇಲ್ಲಿ ಬೇರೆ ತೊಂದರೆ ಇದೆ. ಅವರೆ ಹಸಿಕಾಳು, ಅದರಲ್ಲಿ ಮೊದಲೇ ನೀರಿದೆ. ಸಿಪ್ಪೆ ಬಿಡಿಸಲು ನೀರಲ್ಲಿ ನೆನೆಸಿ ಹಿತುಕುತ್ತೇವೆ, ಇನ್ನಷ್ಟು ನೀರು. ಹಾಗಾಗಿ ಹಿತಕಿದ ಬೇಳೆಯನ್ನು ಬಟ್ಟೆಯ ಮೇಲೆ ಅರ್ಧ ಗಂಟೆ ಆರಲು ಬಿಡಿ. ಮೂರು ಪಾಲು ಅವರೆಬೇಳೆಗೆ ಒಂದು ಪಾಲು ನೆನೆಸಿದ ಕಡಲೆಬೇಳೆ ಸೇರಿಸಿ ರುಬ್ಬಿ. ಕಡಲೆಬೇಳೆ ಹಿಡಿದಿಡುತ್ತದೆ, ಅವರೆ ಸೊಗಡು ಕೊಡುತ್ತದೆ. ಒಂದು ಹಿಡಿ ಅವರೆಬೇಳೆ ಇಡಿಯಾಗಿ ಹಾಕುವುದು ಮರೆಯಬೇಡಿ. ಇಂಗು ಕಡಿಮೆ ಇರಲಿ, ಜಾಸ್ತಿಯಾದರೆ ಸೊಗಡು ಕಾಣುವುದಿಲ್ಲ.


ಚಟ್ಟಂಬಡೆ_ಪ್ರೇಮಿ (ಪುತ್ತೂರು)

ಅವರೆ ಸೊಗಡು ನಮ್ಮ ಕಡೆಯವರಿಗೆ ಅಷ್ಟು ಪರಿಚಯ ಇಲ್ಲ. ಜನವರಿಯಲ್ಲಿ ಬೆಂಗಳೂರಿಗೆ ಬಂದರೆ ಖಂಡಿತ ತಿನ್ನುತ್ತೇನೆ.

ನನ್ನ ಪ್ರಶ್ನೆ: ಹಬ್ಬದ ಮರುದಿನ ಉಳಿದ ಆಂಬೊಡೆಯನ್ನು ಮಜ್ಜಿಗೆ ಹುಳಿಗೆ ಹಾಕುತ್ತಾರಲ್ಲ ಮೈಸೂರು ಕಡೆ. ಯಾವಾಗ ಹಾಕಬೇಕು? ಕುದಿಯುವಾಗಲೇ ಹಾಕಿದರೆ ಕರಗುವುದಿಲ್ಲವೇ?


ಸಬ್ಬಸಿಗೆಸೊಪ್ಪು (ಮೈಸೂರು)

ಕುದಿಯುವಾಗ ಹಾಕಬೇಡಿ ಅಣ್ಣ, ಒಡೆದು ಪಾಯಸ ಆಗುತ್ತದೆ. ನೆನೆಸಿದ ಕಡಲೆಬೇಳೆ ಎರಡು ಚಮಚ, ಕಾಯಿತುರಿ, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಸ್ವಲ್ಪ ಕೊತ್ತಂಬರಿ ಬೀಜ ನುಣ್ಣಗೆ ರುಬ್ಬಿ. ಅದನ್ನು ನೀರಲ್ಲಿ ಮೊದಲು ಚೆನ್ನಾಗಿ ಕುದಿಸಿ, ಹಸಿವಾಸನೆ ಹೋಗಲಿ. ಆಮೇಲೆ ಉರಿ ಸಣ್ಣ ಮಾಡಿ, ಕಡೆದ ಹುಳಿ ಮೊಸರು ಹಾಕಿ ಒಂದೇ ಸಮ ಕೈಯಾಡಿಸುತ್ತಾ ಇರಿ. ಅಂಚಲ್ಲಿ ನೊರೆ ಎದ್ದ ಕೂಡಲೇ ಆರಿಸಿ, ಕುದಿಯಲು ಬಿಟ್ಟರೆ ಒಡೆಯುತ್ತದೆ. ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡಿ.

ಹುಳಿ ನಿಮಗೆ ಬೇಕಾದ್ದಕ್ಕಿಂತ ತೆಳ್ಳಗಿರಲಿ, ಆಂಬೊಡೆ ಕುಡಿದು ಗಟ್ಟಿ ಮಾಡುತ್ತದೆ. ಬಡಿಸುವುದಕ್ಕೆ 10 ನಿಮಿಷ ಮುಂಚೆ ಆಂಬೊಡೆ ಹಾಕಿ ಮುಚ್ಚಿಡಿ. ಚಟ್ಟಂಬಡೆ ಚಪ್ಪಟೆಯಾಗಿರುವುದರಿಂದ ನಿಮಗೆ ಐದೇ ನಿಮಿಷ ಸಾಕಾಗಬಹುದು. ತೆಂಗಿನೆಣ್ಣೆಯಲ್ಲಿ ಕರಿದದ್ದು ಮಜ್ಜಿಗೆ ಹುಳಿಯಲ್ಲಿ ಹೇಗಿರುತ್ತದೆ ಅಂತ ಮಾಡಿ ನೋಡಿ ಇಲ್ಲೇ ಬರೆಯಿರಿ.